ಕೈ ಇಳಿಸದ ಭುವನೇಶ್ವರಿ

ಪ್ಲೆಸೆಂಟನ್ನಿನ ಹಂಸಾ ಪ್ರತಿ ಶನಿವಾರ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಮ್ಮಿನಲ್ಲಿ ಬಿಟ್ಟಿ ಗೈಡು. ಮೈಸೂರಿನಲ್ಲಿ ಕಲಿತ ಚಿತ್ರಕಲೆಗೆ ಇಲ್ಲಿ ಸಿಕ್ಕ ಮರ್ಯಾದೆ ಅಷ್ಟೇ. ಜಪಾನಿನ ಚಿತ್ರಗಳ ಮುಂದೆ ನಿಂತು, “ಗಂಡಸರು ಜುಟ್ಟು ಕತ್ತರಿಸಿ, ಕೋಟು ತೊಟ್ಟು ಮಾಡರ್ನ್ ಆದ್ರು. ದೇಶ ಹೊರೋ ಕೆಲಸ ಕಿಮೋನೋ ಉಟ್ಟ ಹೆಂಗಸಿಗೆ ಬಿತ್ತು” ಎನ್ನುತ್ತಾಳೆ. ಚೀನಾದ ಚಿತ್ರಗಳಿರುವ ಗೋಡೆಯಲ್ಲಿ ಕ್ಯಾಲೆಂಡರಿನ ಚೆಲುವೆ, ಪಕ್ಕದಲ್ಲೇ ಟ್ರ್ಯಾಕ್ಟರ್ ಓಡಿಸುವ ಹುಡುಗಿ. ದೇಶದ ಮನಸ್ಸು ಬದಲಾದಾಗಲೆಲ್ಲ ಬಟ್ಟೆ ಬದಲಿಸಬೇಕಾದವಳು ಅವಳೇ.

ಇದನ್ನು ನಮ್ಮ ಕನ್ನಡ ಸಂಘದಲ್ಲಿ ಒಮ್ಮೆಯಾದರೂ ಹೇಳಬೇಕೆಂಬುದು ಹಂಸಾಳ ಬಹುದಿನದ ಆಸೆ. ಹೋದ ವರ್ಷ ರಾಜ್ಯೋತ್ಸವದಲ್ಲಿ ಹತ್ತು ನಿಮಿಷ ಕೇಳಿದಳು. ಸಂಘದ ಕಾರ್ಯದರ್ಶಿ ಅವಳ ಗಂಡ ಮಧ್ವೇಶನೇ, ಹಾಗಾಗಿ ಸಿಗುವ ಸಂಭವ ಇನ್ನೂ ಕಡಿಮೆ.

“ಚೈನಾ ಜಪಾನು ನಮ್ಮೋರಿಗ್ಯಾಕೆ? ಊಟಕ್ಕೆ ಲೇಟಾಗತ್ತೆ. ನೀನು ಭುವನೇಶ್ವರಿ ಆಗು. ಇಳಕಲ್ ಸೀರೆ, ಕಿರೀಟ. ಸುಮ್ನೆ ನಿಂತ್ರೆ ಸಾಕು.”

“ನೀವು ಗಂಡಸರು ಪಂಚೆ ಉಡ್ತೀರಾ?”

“ಫ್ರೀವೇಲಿ ಡ್ರೈವ್ ಮಾಡ್ಬೇಕಲ್ಲ. ಅನ್‌ಕಂಫರ್ಟಬಲ್ಲು.”

ಹಂಸಾ ತಕ್ಷಣ ಒಪ್ಪಿದಳು. ಅಲ್ಲೇ ಅವನಿಗೆ ಅನುಮಾನ ಬರಬೇಕಿತ್ತು.

ನಮ್ಮ ಸಂಘದಲ್ಲಿ ಒಂದು ನಿಯಮವಿದೆ. ನಾಡಗೀತೆ ಮುಗಿದ ಮೇಲೂ, ವೇದಿಕೆಯ ಮೇಲಿನ ಭುವನೇಶ್ವರಿ ತಾಯಿ ಹರಸಲು ಎತ್ತಿದ ಕೈ ಇಳಿಸುವವರೆಗೆ ಯಾರೂ ಕೂರುವಂತಿಲ್ಲ, ಊಟದ ಕಡೆ ಹೋಗುವಂತಿಲ್ಲ. ಈ ಘನ ನಿಯಮ ತಂದವನು ಮಧ್ವೇಶ.

ಆ ದಿನ ಗೀತೆ ಮುಗಿಯಿತು. ಕೈ ಇಳಿಯಲಿಲ್ಲ.

“ಎಲ್ಲರೂ ಹೀಗೇ ನಿಂತಿರಿ” ಎಂದಳು ತಾಯಿ. “ಜಪಾನಿನಿಂದ ಶುರು ಮಾಡೋಣ.”

ಜೀನ್ಸ್ ತೊಟ್ಟ ಕನ್ನಡದ ಕಲಿಗಳು ಕೈಮುಗಿದುಕೊಂಡೇ ಕಿಮೋನೋದ ಚರಿತ್ರೆ ಕೇಳಿದರು. ದೇವಿಗೆ ಕೈ ಇಳಿಸು ಎನ್ನುವ ಧೈರ್ಯ ಯಾರಿಗಿದೆ? ಎತ್ತಿದ ಕೈಗೆ ಇನ್ನೊಂದು ಕೈಯ ಆಸರೆ ಕೊಟ್ಟು ಅವಳು ಚೀನಾಕ್ಕೆ ಬಂದಳು. ಬಿಸಿಬೇಳೆಬಾತ್ ಹೆಸರಿಗಷ್ಟೇ ಬಿಸಿಯಾಗಿ ಉಳಿಯಿತು. ಕೊನೆಗೆ, “ಇಲ್ಲಿ ಇಳಕಲ್ ಯಾರ ಮೈಮೇಲಿದೆ, ಒಂದ್ಸಲ ನೋಡ್ಕೊಳ್ಳಿ” ಎಂದು ಕೈ ಇಳಿಸಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ನನಗಂತೂ ಹೊಟ್ಟೆ ತಣ್ಣಗಾಯಿತು.

ಸಂಘ ಪಾಠ ಕಲಿಯಿತು. ಈ ವರ್ಷದ ಭುವನೇಶ್ವರಿ ರಟ್ಟಿನವಳು.

ಹಂಸಾ ಈ ಸಲ ಜೀನ್ಸ್ ತೊಟ್ಟು ಬಂದಳು. ಬಾಗಿಲಲ್ಲಿ ನಿಂತು ಎಲ್ಲರನ್ನೂ ಸ್ವಾಗತಿಸುತ್ತಿದ್ದ ಮಧ್ವೇಶ ಅವಳನ್ನು ಪಕ್ಕಕ್ಕೆ ಕರೆದ.

“ರಾಜ್ಯೋತ್ಸವ ಕಣೇ. ನೋಡಿದೋರು ಏನಂದ್ಕೋತಾರೆ?” ಎಂದ, ತನ್ನ ಜೀನ್ಸಿನ ಜೇಬಿನಲ್ಲಿ ಕೈ ಇಟ್ಟುಕೊಂಡು.