ಅಕ್ಕನ ಪಾಲಿನ ವರ್ಷಗಳು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ತಾರಸಿಯ ಮೇಲೆ ಕಾಮಕಸ್ತೂರಿ ಒಣಹಾಕಿದ್ದರು. ಬೆಟ್ಟದ ಕಡೆಯಿಂದ ಗಾಳಿ ಬೀಸಿ, ಆ ಹಸಿರು ವಾಸನೆ ನಮ್ಮ ಅಡುಗೆಮನೆಗೆ ಬಂತು. ನಿಮಗೂ ಹೀಗಾಗುತ್ತದಲ್ಲವೇ, ಮೂಗು ನಮ್ಮನ್ನು ಕೇಳದೆಯೇ ಎಲ್ಲಿಗೋ ಕರೆದುಕೊಂಡು ಹೋಗುವುದು? ನನ್ನನ್ನು ಕರೆದೊಯ್ದದ್ದು ಮಧುಗಿರಿಯ ಕೋರ್ಟ್ ಹಾಲಿಗೆ.

ನಾನು ಅಲ್ಲಿ ಸ್ಟೆನೋ ಆಗಿದ್ದೆ. ಬೇರೆಯವರ ಮಾತು ಬರೆದುಕೊಂಡೇ ಆಯುಷ್ಯ ಸವೆಸಿದವಳು. ಮನೆಯಲ್ಲಿ ಯಜಮಾನರು ರೇಗಿದರೂ ಬೆರಳುಗಳು ತಮ್ಮಷ್ಟಕ್ಕೆ ಮಡಿಲಲ್ಲಿ ಗೀಚುತ್ತಿದ್ದವು. ವಿಚಾರಣೆಯ ನಡುವೆ ಸೀಲು ಮಾಡಿದ ಚೀಲ ಬಿಚ್ಚಿದಾಗ, ಗಾಂಜಾದ ಇಂಥದ್ದೇ ಹಸಿರು ಘಾಟು ಫ್ಯಾನಿನ ಗಾಳಿಯಲ್ಲಿ ನಿಧಾನ ಸುತ್ತುತ್ತಿತ್ತು.

ಕಟಕಟೆಯಲ್ಲಿದ್ದವರು ಪಾವಗಡ ಕಡೆಯ ಅಕ್ಕತಂಗಿ, ಗಂಗಮ್ಮ ಮತ್ತು ಯಶೋದ. ಊರೂರು ತಿರುಗಿ ಸೀರೆ ಮಾರುವವರು. ಸೀರೆಗಂಟಿನೊಳಗೆ ಗಾಂಜಾ ಸಿಕ್ಕಿತ್ತು, ಅದೂ ದೊಡ್ಡ ಪ್ರಮಾಣದಲ್ಲಿ. ಅಪರಾಧ ಸಾಬೀತಾಗಿ, ಎಷ್ಟು ವರ್ಷ ಎಂಬುದಷ್ಟೇ ಉಳಿದಿತ್ತು. ಹತ್ತಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ, ಇಪ್ಪತ್ತರವರೆಗೂ ಕೊಡಬಹುದು. ಕಾಲೇಜು ಹುಡುಗರಿಗೆ ಮಾರಲು ತಂದ ಮಾಲು, ಅಕ್ಕನಿಗೆ ಹೆಚ್ಚು ಕೊಡಿ ಎಂದು ಸರ್ಕಾರಿ ವಕೀಲರು ವಾದಿಸಿದರು.

"ಶಿಕ್ಷೆ ಬಗ್ಗೆ ಏನಾದ್ರೂ ಹೇಳೋದಿದೆಯಾ?" ಎಂದು ಜಡ್ಜ್ ಸಾಹೇಬರು ಕೇಳಿದರು.

ಯಶೋದ ಮುಂದೆ ಬಾಗಿ, "ಅಕ್ಕಯ್ಯನ ಪಾಲಿನ ವರ್ಸಗಳ್ನೂ ನಂಗೇ ಹಾಕ್ಬುಡಿ ಸ್ವಾಮಿ. ಅವ್ಳಿಗೆ ಮಂಡಿ ನೋವು" ಎಂದಳು.

"ಸುಮ್ಕಿರೇ!" ಗಂಗಮ್ಮ ಗದರಿದಳು. "ಇವಳ್ನ ಕರ್ಕಂಡು ಬಂದೋಳೇ ನಾನು. ಇವಳ್ನ ಬುಟ್ಬುಡಿ ಸ್ವಾಮಿ."

"ಹಾಗೆಲ್ಲ ಹಂಚಿಕೊಳ್ಳೋಕೆ ಬರಲ್ಲಮ್ಮ" ಎಂದರು ಸಾಹೇಬರು, ಮೆಲ್ಲಗೆ.

ಚೇಂಬರಿನಲ್ಲಿ ಅವರು ಕಿಟಕಿಯಾಚೆಯ ಹುಣಸೆಮರ ನೋಡುತ್ತ ಬಹಳ ಹೊತ್ತು ಕುಳಿತರು. ಹೊರಗೆ ಯಾರದೋ ಹೆಸರು ಕೂಗುತ್ತಿದ್ದದ್ದು ನೀರಿನಡಿಯಿಂದ ಬಂದ ಹಾಗೆ ಕೇಳುತ್ತಿತ್ತು. ಆಮೇಲೆ ಹೇಳಿ ಬರೆಸಿದರು: ಆಯುಧವಿಲ್ಲ, ಹಿಂದೆ ಶಿಕ್ಷೆಯಾಗಿಲ್ಲ, ಕಾಲೇಜಿನ ಮಾತಿಗೆ ಪುರಾವೆಯಿಲ್ಲ, ಇಬ್ಬರಿಗೂ ಹತ್ತು ಹತ್ತು ವರ್ಷ. "ತಂಗಿಗಾದ್ರೂ ಕಡಿಮೆ ಮಾಡೋಣ ಅಂದ್ರೆ ಹತ್ತರ ಕೆಳಗೆ ಜಾಗವೇ ಇಲ್ವಲ್ಲಮ್ಮ" ಎಂದು ನನ್ನ ಕಡೆ ನೋಡಿದರು. ನಾನು ಅದನ್ನೂ ಬರೆದುಕೊಂಡು, ಆಮೇಲೆ ಹೊಡೆದುಹಾಕಿದೆ.

ಹೋದ ತಿಂಗಳು ಪಾವಗಡದ ಬಸ್ಸಿನಲ್ಲಿ ನರೆಗೂದಲಿನ ಹೆಂಗಸೊಬ್ಬಳು ನನ್ನನ್ನೇ ನೋಡಿ, "ಕೋರ್ಟಲ್ಲಿ ಬರ್ಕಂತಿದ್ದ ಅಮ್ಮ ನೀವೇ ಅಲ್ವಾ?" ಎಂದಳು. ಯಶೋದ!

"ಅಕ್ಕ ಹೆಂಗಿದ್ದಾಳೆ?"

"ಮನೇಲವ್ಳೆ. ಜೈಲಲ್ಲಿ ಅವ್ಳ ಕಾಲು ನಾನೇ ನೀವ್ತಿದ್ದೆ. ನಂಗೆ ಕಮ್ಮಿ ಹಾಕಿದ್ರೆ ಒಬ್ಳೇ ಉಳ್ಕಂತಿದ್ಳು." ಸೆರಗು ಸರಿಮಾಡಿಕೊಂಡು ಮುಂದುವರಿಸಿದಳು: "ಆಗ ನನ್ನ ಮಗ್ಳು ಸೊಂಟದ ಮೇಲಿದ್ಲು, ಅತ್ತೆ ಹತ್ರ ಬುಟ್ಟು ಹೋದ್ನಿ. ವಾಪಸ್ ಬಂದಾಗ ಮಗ್ಳೇ ಬಾಗಿಲು ತೆಗ್ದು, ಯಾರು ಬೇಕಿತ್ತು ಅಂದ್ಲು ಕಣಮ್ಮ."

ಅವತ್ತು ಕೋರ್ಟಿನಲ್ಲಿ ಅವಳು ಮಗಳ ಮಾತೇ ಎತ್ತಿರಲಿಲ್ಲ.

ಇಳಿಯುವಾಗ, "ಒಂದ್ಸಲ ಬಂದು ನನ್ನ ಮಗ್ಳಿಗೆ ಹೇಳ್ರಮ್ಮ, ಕೋರ್ಟಲ್ಲಿ ಏನು ನಡೀತು ಅಂತ. ನಾನು ಹೇಳಿದ್ರೆ ನಂಬಲ್ಲ" ಎಂದು ಕೇಳಿಕೊಂಡಳು.

ಹೋಗಲೋ ಬೇಡವೋ ಎಂದು ಇಷ್ಟು ದಿನ ಹಿಂದೆಮುಂದೆ ನೋಡುತ್ತಿದ್ದೆ. ಈಗ ಸೀರೆ ಬದಲಿಸಿ ಹೊರಟಿದ್ದೇನೆ. ಗಂಟಿನಲ್ಲಿ ಏನಿತ್ತೆಂದು ಹೇಳುತ್ತೇನೆ. ಅಕ್ಕನಿಗಾಗಿ ಯಶೋದ ಏನು ಕೇಳಿದಳೆಂದೂ ಹೇಳುತ್ತೇನೆ. ಅಮ್ಮನನ್ನು ಎಷ್ಟು ಕ್ಷಮಿಸಬೇಕೆಂಬುದನ್ನು ಆ ಹುಡುಗಿಯೇ ತೀರ್ಮಾನಿಸಲಿ.