ಭಾಗ್ಯಳ ಕಬಡ್ಡಿ ಫೋಟೋ ಮತ್ತು ದ್ರಾಕ್ಷಿ ತೋಟದ ಸೀಡಿ

ಹೋದ ವಾರ ಶಿಡ್ಲಘಟ್ಟದಲ್ಲಿ ಒಂದು ಗೆರೆ ಕಳುವಾಯಿತು.

ಕಬಡ್ಡಿ ಕೋರ್ಟಿನ ಮಧ್ಯದ ಗೆರೆ. ಸುಣ್ಣದ ಪುಡಿಯಲ್ಲಿ ಎಳೆದದ್ದು. ಆಟ ನಡೆಯುವಾಗ ಇತ್ತು. ಕ್ಯಾಮೆರಾ ಕ್ಲಿಕ್ಕಿಸಿದಾಗಲೂ ಇತ್ತು. ಸ್ಟುಡಿಯೋದಿಂದ ಫೋಟೋ ವಾಪಸ್ ಬಂದಾಗ ಮಾತ್ರ ಇರಲಿಲ್ಲ.

ಫೋಟೋ ತೆಗೆದವಳು ನನ್ನ ಕಾಲೇಜು ಗೆಳತಿ ಭಾಗ್ಯ. ಆಗ ಅವಳು ಕಬಡ್ಡಿ ಟೀಮಿನಲ್ಲಿದ್ದಳು, ನಾನು ಡಿಬೇಟ್ ಟೀಮಿನಲ್ಲಿದ್ದೆ. ಇಬ್ಬರದೂ ಒಂದೇ ಕೆಲಸ, ಎದುರಾಳಿಯ ಕಾಲು ಹಿಡಿದು ಎಳೆಯುವುದು. (ಮೈ ತರಚುತ್ತಿದ್ದದ್ದು ಅವಳಿಗೆ ಮಾತ್ರ.) ಮಂಡಿ ಕೈಕೊಟ್ಟು ಆಟ ನಿಂತ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಂಡಳು. ಗೌರಿಬಿದನೂರು, ಚಿಂತಾಮಣಿ ಎಂದು ಟೂರ್ನಮೆಂಟ್ ನಡೆಯುವ ಕಡೆಯೆಲ್ಲ ಈಗ ಅವಳು ಹಾಜರು.

ಬೆಂಗಳೂರಿನ ಒಂದು ಕ್ರೀಡಾ ಮಾಸಪತ್ರಿಕೆ ಅವಳಿಗೆ ಒಂದು ಅವಕಾಶ ಕೊಟ್ಟಿತ್ತು. ಸೋಮವಾರದೊಳಗೆ ಆರು ಫೋಟೋ ಕಳಿಸಬೇಕು. ಹಿಡಿಸಿದರೆ ಈ ಸೀಸನ್ನಿನ ನಮ್ಮ ಕಡೆಯ ಪಂದ್ಯಗಳೆಲ್ಲ ಅವಳ ಪಾಲಿಗೆ. ಹಿಡಿಸದಿದ್ದರೆ ಬೇರೆಯವರು ಸಾಲಿನಲ್ಲಿದ್ದಾರೆ.

ಚಿಂತಾಮಣಿಯ ಫ್ಲಡ್‌ಲೈಟ್ ಪಂದ್ಯದ ಫೋಟೋಗಳನ್ನು ಆರಿಸಿಕೊಂಡಳು. ಫೋಟೋಗಳೇನೋ ಜೋರಾಗಿದ್ದವು, ಆದರೆ ಬೆಳಕು ಅರಿಸಿನ ಬಳಿದಂತೆ ಹಳದಿ. ತಿದ್ದೋಣವೆಂದರೆ ಅವಳ ಕಂಪ್ಯೂಟರಿನಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಇಲ್ಲ. ಹಾಗಾಗಿ ಊರಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದಳು. ಮದುವೆ ಆಲ್ಬಮ್ ಮಾಡುವ ವೆಂಕಟೇಶಣ್ಣನ ಸ್ಟುಡಿಯೋಗೆ ಕೊಟ್ಟಳು.

ವೆಂಕಟೇಶಣ್ಣ ಪ್ರೀತಿಯಿಂದಲೇ ತಿದ್ದಿದ್ದರು. ಪ್ರೀತಿ ಸ್ವಲ್ಪ ಜಾಸ್ತಿಯಾಗಿತ್ತು, ಅಷ್ಟೆ. ಆಟಗಾರ್ತಿಯರೆಲ್ಲ ಧಾರೆಗೆ ನಿಂತವರ ಹಾಗೆ ಬೆಳ್ಳಗಾಗಿದ್ದರು. ಬೆವರಿಲ್ಲ, ಮೊಣಕೈ ಗಾಯವಿಲ್ಲ. ಒಂದು ಫೋಟೋದಲ್ಲಂತೂ ಪ್ರೇಕ್ಷಕರನ್ನೆಲ್ಲ ಎಬ್ಬಿಸಿ ಕಳಿಸಿ, ಅವರ ಜಾಗದಲ್ಲಿ ಹಿಮದ ಬೆಟ್ಟ ಕೂರಿಸಿದ್ದರು. ಚಿಂತಾಮಣಿಯಲ್ಲಿ ಹಿಮ ಬಿದ್ದದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?

ಇದನ್ನೆಲ್ಲ ಕ್ಷಮಿಸಬಹುದಿತ್ತು. ಗೆರೆಯನ್ನು?

ಆ ಫೋಟೋ ಹೀಗಿತ್ತು: ಎದುರಾಳಿಗಳ ಕಡೆ ನುಗ್ಗಿದ ರೈಡರ್ ಹುಡುಗಿಯನ್ನು ಮೂವರು ಹಿಡಿದು ಎಳೆಯುತ್ತಿದ್ದಾರೆ. ಅವಳು ನೆಲಕ್ಕೆ ಬಿದ್ದು, ಕೈ ಚಾಚಿ, ಬೆರಳ ತುದಿಯಿಂದ ಮಧ್ಯದ ಗೆರೆ ಮುಟ್ಟಿದ್ದಾಳೆ. ಮುಟ್ಟಿದರೆ ಅವಳು ಬಚಾವ್, ಹಿಡಿದ ಮೂವರೂ ಔಟ್. ಫೋಟೋದ ಜೀವವೆಲ್ಲ ಆ ಬೆರಳು ಮತ್ತು ಆ ಗೆರೆಯ ನಡುವೆ. ಗೆರೆ ಹೋದ ಮೇಲೆ ಉಳಿದದ್ದೇನು? ಒಬ್ಬ ಹುಡುಗಿ ಕಳೆದುಹೋದ ಓಲೆ ಹುಡುಕುತ್ತಿದ್ದಾಳೆ, ಮೂವರು ಸಹಾಯ ಮಾಡುತ್ತಿದ್ದಾರೆ.

ಶುಕ್ರವಾರ ಇಬ್ಬರೂ ಸ್ಟುಡಿಯೋಗೆ ಹೋದೆವು.

"ಗೆರೆ ಯಾಕಣ್ಣ ತೆಗೆದ್ರಿ?" ಭಾಗ್ಯ ಕೇಳಿದಳು.

"ಏಮ್ಮಾ, ಕೈಗೆ ಅಡ್ಡ ಬಂದಿತ್ತಲ್ಲ. ಅದನ್ನ ಅಳಿಸೋಕೇ ಅರ್ಧ ದಿನ ಹಿಡೀತು ನಂಗೆ" ಎಂದರು ವೆಂಕಟೇಶಣ್ಣ.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಫೋಟೋ ತಿದ್ದುವುದೆಂದರೆ ನಡೆದದ್ದನ್ನು ಸ್ಪಷ್ಟವಾಗಿ ಕಾಣಿಸುವುದೋ, ನಡೆಯದ್ದನ್ನು ಸೃಷ್ಟಿಸುವುದೋ ಎಂದು ಶುರು ಮಾಡಿದೆ. ಅವರು ತಣ್ಣಗೆ ಕೇಳಿದರು, ಇಷ್ಟು ವರ್ಷದಲ್ಲಿ ಒಬ್ಬಳೇ ಒಬ್ಬ ಮದುಮಗಳು ಬಂದು ನನ್ನ ಮೊಡವೆ ಹಾಗೇ ಇರಲಿ ಎಂದಿದ್ದಾಳೆಯೇ ಎಂದು. ಮೊದಲ ಪಾಯಿಂಟ್ ಅವರದು.

ಆದರೆ ಮುಂದೆ ಅವರು ಹೇಳಿದ್ದು ಕೇಳಿ. "ನಿಂಗೂ ಇದೇ ಸಾಫ್ಟ್‌ವೇರು ಒಂದು ಕಾಪಿ ಹೊಡ್ಕೊಡ್ತೀನಿ ಬಿಡಮ್ಮ, ಕಾಸೇನೂ ಬೇಡ. ತಾಲ್ಲೂಕಲ್ಲೆಲ್ಲ ಅದೇ ಓಡ್ತಿರೋದು."

ಅದು ಕಳ್ಳಮಾಲು, ಅದು ಒಂದು ವಾದ. ಅಸಲಿ ಕೊಳ್ಳಲು ಹೋದರೆ ಭಾಗ್ಯಳ ಕ್ಯಾಮೆರಾಕ್ಕಿಂತ ತುಟ್ಟಿ. ಆದರೆ ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ. ಅದು ಅವಳಿಗೆ ಬೇಕಾ? ಅದರಲ್ಲಿ ಒಬ್ಬರ ತಲೆ ತೆಗೆದು ಇನ್ನೊಬ್ಬರಿಗೆ ಕೂರಿಸಬಹುದು, ಆಕಾಶ ಬದಲಿಸಬಹುದು. ಆಟದ ಫೋಟೋ ತೆಗೆಯುವವಳಿಗೆ ಬೇಕಾದದ್ದು ಇಷ್ಟೆ: ನೂರಾರು ಫೋಟೋಗಳಲ್ಲಿ ಒಳ್ಳೆಯದನ್ನು ಬೇಗ ಆರಿಸುವುದು, ಅಂಚು ಕತ್ತರಿಸುವುದು, ಬೆಳಕು ಸರಿ ಮಾಡುವುದು. ಒಂದು ಕಟ್ಟು ಸೊಪ್ಪು ತರಲು ಯಾರಾದರೂ ಲಾರಿ ಇಟ್ಟುಕೊಳ್ಳುತ್ತಾರಾ? ನಾವು ಇಟ್ಟುಕೊಳ್ಳುತ್ತೇವೆ. ಪಕ್ಕದ ಮನೆಯವರ ಹತ್ತಿರ ಲಾರಿ ಇದೆ ಎನ್ನುವುದೇ ನಮಗೆ ಸಾಕಾದ ಕಾರಣ.

ಇದನ್ನು ರಸ್ತೆಯುದ್ದಕ್ಕೂ ಹೇಳುತ್ತಾ ಬಂದೆ.

"ನಿನ್ನ ಭಾಷಣದಲ್ಲಿ ಫೋಟೋ ತಿದ್ದೋಕಾಗುತ್ತೇನೋ?" ಎಂದಳು ಭಾಗ್ಯ. "ಸೋಮವಾರ ಬರ್ತಾ ಇದೆ ಕಣೋ."

ಆಗ ನನಗೆ ಹೊಳೆಯಿತು. ಕ್ಯಾಮೆರಾ ಜೊತೆಗೆ ಕಂಪನಿಯವರೇ ಒಂದು ಸಾಫ್ಟ್‌ವೇರ್ ಸೀಡಿ ಕೊಡುತ್ತಾರಲ್ಲ? ಅದೆಲ್ಲಿ?

ಅವಳು ನಿಂತುಬಿಟ್ಟಳು. ಡಬ್ಬಿಯಲ್ಲಿ ಒಂದು ಸೀಡಿ ಇತ್ತಂತೆ. ಅಪ್ಪ ಅದನ್ನು ತೋಟದಲ್ಲಿ ಕಟ್ಟಿದ್ದಾರಂತೆ.

ದ್ರಾಕ್ಷಿ ಬೆಳೆಯುವ ಜಂಗಮಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ದ್ರಾಕ್ಷಿ ಬಣ್ಣ ತಿರುಗುವ ಹೊತ್ತಿಗೆ ಹಕ್ಕಿಗಳು ಬರುತ್ತವೆ. ಅವುಗಳ ಕಣ್ಣಿಗೆ ಹೊಳಪು ಬಡಿಯಲೆಂದು ಚಪ್ಪರದ ತುಂಬಾ ಹಳೆಯ ಸೀಡಿ ತೂಗುಹಾಕುತ್ತೇವೆ. ಹಾಡಿನದು, ಸಿನಿಮಾದ್ದು, ಕಂಪ್ಯೂಟರ್ ಕ್ಲಾಸಿನದು, ಯಾವುದಾದರೂ ಸರಿ. ಹೊಳೆದರೆ ಸಾಕು.

ಶನಿವಾರ ಬೆಳಿಗ್ಗೆ ತೋಟದಲ್ಲಿದ್ದೆವು. ಭಾಗ್ಯಳ ಅಪ್ಪ ಮುನಿಶಾಮಪ್ಪನವರಿಗೆ ಈ ಯೋಜನೆ ಒಂಚೂರೂ ಹಿಡಿಸಲಿಲ್ಲ. ಕೊಯ್ಲಿಗೆ ಮುಂಚೆ ಸೀಡಿ ಬಿಚ್ಚುವುದುಂಟೇ?

"ಹಕ್ಕಿ ಬಂದ್ರೆ ನೀನು ಬಂದು ಕೂಗ್ತೀಯೇನಪ್ಪ?" ಎಂದು ನನ್ನನ್ನು ಕೇಳಿದರು. "ಗಂಟಲಂತೂ ಚೆನ್ನಾಗೈತಂತೆ."

ಕತ್ತು ಮೇಲೆತ್ತಿಕೊಂಡು ಚಪ್ಪರದ ಕೆಳಗೆ ಸಾಲು ಸಾಲು ಹುಡುಕಿದೆವು. ಒಂದೊಂದನ್ನೂ ಹಿಡಿದು ತಿರುಗಿಸಿ ಓದುವುದು, ಬಿಡುವುದು. ಕೊನೆಗೆ ಬೇಲಿಯ ಪಕ್ಕ ಭಾಗ್ಯಳಿಗೆ ಸಿಕ್ಕಿತು. ಒಂದು ಕಡೆ ಸಿಂಪಡಣೆಯ ಮೈಲುತುತ್ತದ ನೀಲಿ ಕಲೆ. ಇನ್ನೊಂದು ಕಡೆ, ತಮ್ಮನ್ನು ಹೆದರಿಸುವ ಈ ವಸ್ತುವಿನ ಬಗ್ಗೆ ಹಕ್ಕಿಗಳು ತಮ್ಮ ಅಭಿಪ್ರಾಯವನ್ನು ಬಿಳಿ ಬಣ್ಣದಲ್ಲಿ ದಾಖಲಿಸಿದ್ದವು.

ಬಿಸಿಲಿಗೆ ಸತ್ತಿರುತ್ತದೆ, ಆಸೆ ಬೇಡ ಎಂದೆ ನಾನು. ಅವಳು ಸೋಪು ಹಾಕಿ ತೊಳೆದಳು, ಹತ್ತಿ ಬಟ್ಟೆಯಲ್ಲಿ ಒರೆಸಿದಳು, ಕಂಪ್ಯೂಟರಿಗೆ ತುರುಕಿದಳು. ಒಳಗಿನಿಂದ ರಾಗಿ ಮಿಲ್ಲಿನ ಸದ್ದು ಬಂತು. ನಿಂತಿತು. ಮತ್ತೆ ಬಂತು.

ತೆರೆಯಿತು.

ಕ್ರಿಕೆಟ್ ವಿಶ್ವಕಪ್ ಗೆದ್ದಾಗಲೂ ಕುರ್ಚಿ ಬಿಟ್ಟು ಏಳದ ನಾನು, ಎದ್ದು ಕುಣಿದೆ. ಮುನಿಶಾಮಪ್ಪನವರು ಏನಾಯಿತೆಂದು ಒಳಗೆ ಬಂದು ನೋಡಿ ಹೋದರು.

ಸಾಫ್ಟ್‌ವೇರ್ ದೊಡ್ಡದೇನಲ್ಲ. ನಿಧಾನ. ಅವಳ ಹಳೆ ಕಂಪ್ಯೂಟರಿನಲ್ಲಿ ಆಗಾಗ ಉಸಿರು ಕಟ್ಟಿ ನಿಲ್ಲುತ್ತಿತ್ತು. ಆದರೆ ಫೋಟೋಗಳನ್ನು ಸಾಲಾಗಿ ಹರಡಿ ಆರಿಸಲು ಬಿಟ್ಟಿತು. ಎಷ್ಟೇ ತಿದ್ದಿದರೂ ಮೂಲ ಫೋಟೋವನ್ನು ಹಾಗೆಯೇ ಇಟ್ಟಿತು. ಹಳದಿಯನ್ನು ಹೋಗಲಾಡಿಸುವ ಬಗೆಯಂತೂ ನನ್ನನ್ನು ಬೆರಗುಗೊಳಿಸಿತು. ಫೋಟೋದಲ್ಲಿ ನಿಜವಾಗಿ ಬಿಳಿಯಾಗಿರುವ ಒಂದು ಜಾಗವನ್ನು ನಾವು ತೋರಿಸಿಕೊಡಬೇಕು, ಉಳಿದ ಬಣ್ಣವನ್ನೆಲ್ಲ ಅದಕ್ಕೆ ತಕ್ಕಂತೆ ಅದೇ ಸರಿಮಾಡಿಕೊಳ್ಳುತ್ತದೆ. ಭಾಗ್ಯ ಮೌಸನ್ನು ಒಯ್ದು ಸುಣ್ಣದ ಗೆರೆಯ ಮೇಲೆ ಕ್ಲಿಕ್ಕಿಸಿದಳು. ಒಂದು ಗಳಿಗೆ, ಅಷ್ಟೆ. ಅರಿಸಿನ ಇಳಿಯಿತು. ಮಣ್ಣು ಕೆಂಪಾಯಿತು, ಮೈಗಳಿಗೆ ಮೈಬಣ್ಣ ಬಂತು. ವೆಂಕಟೇಶಣ್ಣ ಅರ್ಧ ದಿನ ಕೂತು ಅಳಿಸಿದ್ದು ಇದನ್ನೇ ಅಲ್ಲವೇ?

ಒಂದು ಕೊರತೆಯನ್ನೂ ಹೇಳಿಬಿಡಬೇಕು. ಇದರಲ್ಲಿ ಯಾವ ವಸ್ತುವನ್ನೂ ಅಳಿಸಲು ಬರುವುದಿಲ್ಲ. ನಾನು ಅದನ್ನು ಎತ್ತಿ ತೋರಿಸಿದೆ.

"ಬರಲ್ವಾ? ಒಳ್ಳೇದೇ ಆಯ್ತು ಬಿಡು" ಎಂದಳು ಅವಳು, ಕತ್ತು ತಿರುಗಿಸದೆ.

ಭಾನುವಾರ ಸೈಬರ್ ಸೆಂಟರಿನಿಂದ ಆರೂ ಫೋಟೋ ಕಳಿಸಿದೆವು. (ನಡುವೆ ಕರೆಂಟ್ ಹೋಗಿ, ಮತ್ತೆ ಮೊದಲಿನಿಂದ.) ಸೋಮವಾರ ಸುದ್ದಿಯಿಲ್ಲ. ಮಂಗಳವಾರ ನಾವಿಬ್ಬರೂ ಟೀ ಕುಡಿಯುತ್ತಿದ್ದಾಗ ಸಂಪಾದಕರ ಫೋನ್ ಬಂತು. ನನಗೂ ಕೇಳಲೆಂದು ಅವಳು ಮೊಬೈಲನ್ನು ನಡುವೆ ಹಿಡಿದಳು.

"ಗೆರೆ ಮುಟ್ತಾಳಲ್ಲ ಆ ಹುಡುಗಿ, ಅವಳ ಹಲ್ಲಿನ ಮೇಲಿರೋದು ಏನಮ್ಮ, ಮಣ್ಣಾ?"

ನಾವು ಗಮನಿಸಿಯೇ ಇರಲಿಲ್ಲ. ಭಾಗ್ಯಳ ಮುಖ ಇಳಿಯಿತು. "ಹೌದು ಸಾರ್, ಮಣ್ಣೇ. ಬೇಡ ಅಂದ್ರೆ ಎಲ್ಲಾದ್ರೂ ಕೊಟ್ಟು ತೆಗೆಸಿ..."

"ಅಯ್ಯೋ, ಮುಟ್ಟಬೇಡಿ. ಕವರ್ ಪೇಜಿಗೆ ಹಾಕ್ತಾ ಇದೀವಿ. ಮುಂದಿನ ವಾರ ಗೌರಿಬಿದನೂರು ಮ್ಯಾಚಿದೆ, ನೀವೇ ಹೋಗಬೇಕು."

ಈಗ ಹೇಳಿ, ಹಲ್ಲಿಗಂಟಿದ ಮಣ್ಣನ್ನು ಮುಟ್ಟದೆ ಬಿಡುವ ಸಾಫ್ಟ್‌ವೇರಿಗೆ ನೀವು ಎಷ್ಟು ಬೆಲೆ ಕಟ್ಟುತ್ತೀರಿ?