ತೂಬಿನ ಮುಂದೆ ಗುರುವಪ್ಪನವರು

ಮೊನ್ನೆ ಒಳಚರಂಡಿಯ ಪೈಪು ಹಾಕುವುದಕ್ಕೆಂದು ನಮ್ಮ ಬೀದಿಯನ್ನು ಆಳುದ್ದ ಅಗೆದರು. ಸಾರಕ್ಕಿ ಸಿಗ್ನಲ್ಲಿನಿಂದ ಒಳಗೆ ಮೂರನೆಯ ತಿರುವು ನಮ್ಮದು. ಮೇಲಿನ ಡಾಂಬರು ಹೋಯಿತು, ಜಲ್ಲಿ ಹೋಯಿತು, ತುಂಬಿದ್ದ ಕೆಂಪು ಮಣ್ಣು ಹೋಯಿತು. ಆಮೇಲೆ ಯಂತ್ರದ ಬಾಯಿಗೆ ಒಂದು ಮುದ್ದೆ ಕಪ್ಪು ಜೇಡಿ ಸಿಕ್ಕಿ ಮೇಲೆ ಬಂತು. ಎದುರು ಮನೆಯ ಮೇಡಂ ಸೆರಗನ್ನು ಮೂಗಿಗೆ ಹಿಡಿದುಕೊಂಡು ಒಳಗೆ ಓಡಿದರು. ಪಕ್ಕದ ಮನೆಯ ರಾಯರು, ಬ್ಯಾಂಕಿನಿಂದ ನಿವೃತ್ತರಾದವರು, "ಏನ್ರೀ ಇದು, ಮೋರಿ ಒಡೆದುಬಿಟ್ರಾ?" ಎಂದರು.

"ಮೋರಿಯಲ್ಲ ಸಾರ್, ಗದ್ದೆ" ಎಂದೆ. ಅವರು ನನ್ನ ಮುಖ ನೋಡಿದರು. ನಾನು ಎದೆ ತುಂಬ ಉಸಿರೆಳೆದುಕೊಂಡು ಅಲ್ಲೇ ನಿಂತೆ. ಆ ವಾಸನೆಯ ಮೇಲೆ ಎಷ್ಟೋ ವರ್ಷ ಬಸ್ಸು, ಲಾರಿ ಓಡಾಡಿವೆ. ಅದು ಮಾತ್ರ ಸತ್ತಿರಲಿಲ್ಲ. ಭತ್ತದ ಗದ್ದೆಗೆ ನೀರು ಬಿಟ್ಟ ಬೆಳಗಿನ ವಾಸನೆ ಅದು. ಆ ನೀರು ಬಿಡುತ್ತಿದ್ದವನು ನಾನೇ.

ನಾನು ಓದಿದವನಲ್ಲ. ಮೂರನೆಯ ಕ್ಲಾಸಿನ ಅರ್ಧದಲ್ಲಿ ಅಪ್ಪನ ಮಂಡಿ ಹಿಡಿದುಕೊಂಡಿತು. ನನ್ನ ಸ್ಲೇಟು ಅಟ್ಟ ಸೇರಿತು, ನಾನು ಅಪ್ಪನ ನೀರುಗಂಟಿ ಕೆಲಸ ಹಿಡಿದು ಕೆರೆ ಸೇರಿದೆ. ಓದುವುದನ್ನು ಆಮೇಲೆ ನಾನಾಗಿಯೇ ಕಲಿತೆ, ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಪೇಪರನ್ನು ಬಿಡಿಸಿ ಬಿಡಿಸಿ. ಅದರಿಂದಾಗಿ ಇವತ್ತಿಗೂ ನನಗೆ ಪ್ರಪಂಚದ ಸುದ್ದಿಯೆಲ್ಲ ಅರ್ಧರ್ಧ ಗೊತ್ತು. ಉಳಿದರ್ಧ ಇನ್ನಾರದೋ ಬೆಲ್ಲದ ಜೊತೆ ಹೋಗಿರುತ್ತಿತ್ತು.

ನೀರುಗಂಟಿ ಅಂದರೆ ಈಗಿನವರು ನಲ್ಲಿಯ ವಾಲ್ವು ತಿರುಗಿಸುವವನು ಅಂದುಕೊಳ್ಳುತ್ತಾರೆ. ನಮ್ಮ ಕಾಲಕ್ಕೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು. ಇರಲಿ. ನಮ್ಮ ಕೆರೆಯ ತೂಬು ಎಂದರೆ ನೀರಿನೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಒಂದರ ಕೆಳಗೊಂದು ಮೂರು ಕಂಡಿ, ಒಂದೊಂದಕ್ಕೂ ಒಂದೊಂದು ಮರದ ಬಿರಡೆ. ಕೆರೆ ತುಂಬಿದ್ದಾಗ ಮೊದಲನೆಯ ಬಿರಡೆ ತೆಗೆಯಬೇಕು. ನೀರು ಇಳಿದಾಗ ಎರಡನೆಯದು. ಮೂರನೆಯದನ್ನು ತೆಗೆಯುವಂತಿಲ್ಲ, ಅದು ಹಿಡಿದಿಟ್ಟಿರುವುದು ದನದ ನೀರು, ಬೇಸಗೆಯಲ್ಲಿ ಊರಿನ ಬಾಯಿಲ್ಲದ ಜೀವಗಳ ಪಾಲು. ಬಿರಡೆಯನ್ನು ನೀರುಗಂಟಿಯ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ, ಪಟೇಲರೂ ಕೂಡ. ಅದಕ್ಕೆ ಪ್ರತಿಯಾಗಿ, ಕೆರೆಯ ಕೆಳಗೆ ನೀರುಗಂಟಿಗೆ ಸ್ವಂತ ಗದ್ದೆ ಇರಕೂಡದು. ಇದ್ದರೆ ಕೈ ತನ್ನ ಕಡೆಗೇ ತಿರುಗುತ್ತದಲ್ಲ.

ಇನ್ನೊಂದು ಕಟ್ಟಳೆ, ನೀರು ಕಮ್ಮಿಯಾದ ವರ್ಷಕ್ಕೆ: ಕಾಲುವೆಯ ಕೊನೆಯ ಗದ್ದೆಗೆ ಮೊದಲು ನೀರು. ಅಪ್ಪ ಹೇಳುತ್ತಿದ್ದ: "ಮೇಗಳ ಗದ್ದೆಯೋನು ನೀರ್ನ ಕಣ್ಣಾಗೆ ಕಾಯ್ತಾನೆ, ಕೊನೆ ಗದ್ದೆಯೋನು ನಂಬಿಕೆಯಾಗೆ ಕಾಯ್ತಾನೆ. ನಂಬ್ದೋನಿಗೆ ಮೊದ್ಲು ಕೊಡು." ಅಪ್ಪ ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆ ಮಾತನ್ನು ಮೀರಿಸುವ ಮಾತು ನನಗೆ ಯಾವ ಬೆಲ್ಲದ ಪೇಪರಿನಲ್ಲೂ ಸಿಕ್ಕಿಲ್ಲ.

ಈಗ ಗುರುವಪ್ಪನವರ ವಿಷಯಕ್ಕೆ ಬರುತ್ತೇನೆ. ಜಯನಗರದಲ್ಲಿ ಮನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ನಮ್ಮ ಕಡೆಯಿಂದ ತಾಲ್ಲೂಕು ಬೋರ್ಡಿಗೆ ಆರಿಸಿ ಹೋಗಿದ್ದವರು ಅವರು. ಬಿಳಿ ಪಂಚೆ, ರ‍್ಯಾಲಿ ಸೈಕಲ್ಲಿಗಿಂತ ಚೆನ್ನಾಗಿ ಒರೆಸಿಟ್ಟ ಒಂದು ಸಾಧಾರಣ ಸೈಕಲ್ಲು, ಜೇಬಿನಲ್ಲಿ ಸದಾ ಒಂದು ಕರ್ಚೀಫು. ಯಾವ ಪಕ್ಷ ಎಂದು ಕೇಳಬೇಡಿ. ಹೆಸರು ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಎದ್ದು ಹೋಗುತ್ತೀರಿ. ಅವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತಿತ್ತು: "ಆಯ್ತು ಬಿಡು." ಶಾಲೆಗೆ ಹೆಂಚು ಬೇಕು ಅಣ್ಣ. ಆಯ್ತು ಬಿಡು. ಮಗನಿಗೆ ಕೆಲಸ ಬೇಕು. ಆಯ್ತು ಬಿಡು. ಸೊಸೆ ಮಾತು ಕೇಳಲ್ಲ ಅಣ್ಣ. ಅದಕ್ಕೂ ಆಯ್ತು ಬಿಡು! ಹುಡುಗರು ಹಿಂದಿನಿಂದ ಅವರನ್ನು "ಆಯ್ತಪ್ಪ" ಎನ್ನುತ್ತಿದ್ದರು.

ಹಾಗೆಂದು ಬರೀ ಮಾತಿನ ಮನುಷ್ಯರಲ್ಲ. ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆ ಕಷ್ಟವಾಗಿ, ಸೂಲಗಿತ್ತಿ ಕೈಚೆಲ್ಲಿದ ದಿನ, ಅವರೇ ತಮ್ಮ ಗಾಡಿ ಕಟ್ಟಿಸಿ, ಆಳು ಬರಲಿಲ್ಲವೆಂದು ತಾವೇ ಹಗ್ಗ ಹಿಡಿದು, ಸಿಟಿಯ ದೊಡ್ಡಾಸ್ಪತ್ರೆಯವರೆಗೆ ಎತ್ತು ಹೊಡೆದರು. ನಮ್ಮಂಥವರನ್ನು ಗಾಡಿಗೆ ಹತ್ತಿಸಿಕೊಳ್ಳದ ಕಾಲ ಅದು. ಆವತ್ತು ಹುಟ್ಟಿದ ಮಗಳು ಈಗ ತಾನೇ ಅಜ್ಜಿಯಾಗಿದ್ದಾಳೆ. ಇದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ನಾನು ಆಡಿದ ಮಾತನ್ನು ಕೇಳಿ ಊರಿನವರು "ಉಂಡ ಮನೆಗೆ ಎರಡು ಬಗೆದ" ಎಂದರು.

ಅವರ ಪಕ್ಷದ ತಾಲ್ಲೂಕು ಅಧ್ಯಕ್ಷರ ಜಾಗ ಖಾಲಿಯಾಯಿತು. ಗುರುವಪ್ಪನವರಿಗೆ ಅದರ ಮೇಲೆ ಆಸೆ. ಆಸೆಯಲ್ಲಿ ತಪ್ಪೇನಿದೆ? ಆದರೆ ಅಧ್ಯಕ್ಷರನ್ನು ಆರಿಸುವುದು ಹಳ್ಳಿಹಳ್ಳಿಯ ಕಮಿಟಿಗಳು. ಕೋಣನಕುಂಟೆಯಿಂದ ತಲಘಟ್ಟಪುರದವರೆಗೆ ಏಳು ಊರಿನ ಕಮಿಟಿಗಳಲ್ಲಿ ನಮ್ಮೂರ ಚಿಕ್ಕಣ್ಣನ ನೆಂಟರೇ ಇದ್ದರು. ಚಿಕ್ಕಣ್ಣನ ಗದ್ದೆಗಳೋ ತೂಬಿನ ಬಾಯಿಗೇ ಅಂಟಿಕೊಂಡಿದ್ದವು, ಮೇಗಳ ಗದ್ದೆಗಳು.

ಆ ವರ್ಷ ಕೆರೆ ಅರ್ಧವೂ ತುಂಬಿರಲಿಲ್ಲ. ಚಿಕ್ಕಣ್ಣ ಗುರುವಪ್ಪನವರ ಮನೆಗೆ ಹೋಗಿ, "ಮಂಗಳವಾರದ ನೀರು ನಮಗೇ ಬೇಕು" ಎಂದನಂತೆ. ಆಯ್ತು ಬಿಡು. ಮಾರನೆಯ ದಿನ ಕೊನೆ ಗದ್ದೆಯ ಎಂಟು ಮನೆಯವರು ಹೋಗಿ, "ಮಂಗಳವಾರ ನೀರು ಬರ್ದಿದ್ರೆ ಪೈರು ಹೋಯ್ತದೆ" ಎಂದರಂತೆ. ಆಯ್ತು ಬಿಡು. ನೀರಿನ ಮಾತನ್ನು ನೀರುಗಂಟಿಯ ಹೊರತು ಯಾರೂ ಕೊಡಬಾರದು ಎಂಬುದು ಮೀಸೆ ಬಾರದ ಹುಡುಗನಿಗೂ ಗೊತ್ತು. ಊರಲ್ಲಿ ಹುಟ್ಟಿ ಬೆಳೆದ ಗುರುವಪ್ಪನವರು ಅದನ್ನು ಮರೆತರು.

ಮಂಗಳವಾರ ಬೆಳಿಗ್ಗೆ ಎರಡು ಕಡೆಯವರೂ ಗುದ್ದಲಿ ಹಿಡಿದು ಕೆರೆಯ ಏರಿಯ ಮೇಲೆ ಬಂದು ನಿಂತರು. ಗುರುವಪ್ಪನವರಿಗೆ ಹೇಳಿಕಳಿಸಿದೆವು. ಸೈಕಲ್ಲಿನಲ್ಲಿ ಬಂದರು. ಒಂದು ಕಾಲನ್ನು ನೆಲಕ್ಕೂರಿ, ಇಳಿಯದೆಯೇ ಕೇಳಿದರು: "ಏನ್ಲಾ ನೀರುಗಂಟಿ, ಇಬ್ರಿಗೂ ಬಿಟ್ಬಿಡು. ಏನು ಹೋಯ್ತದೆ?"

"ಎರಡನೇ ಬಿರಡೆ ನೀರು ಒಬ್ರಿಗೇ ಸಾಲ್ದು ಅಣ್ಣ."

"ಹಂಗಾರೆ ಮೂರನೇದು ತೆಗಿ."

ಏರಿಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಅದು ದನದ ನೀರು ಅಣ್ಣ."

"ಮಳೆ ಬತ್ತದೆ ಬಿಡೋ."

"ಬರ್ದೆ ಇದ್ರೆ?"

ಅವರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಜಯನಗರದಾಗೆ ಮೀಟಿಂಗ್ ಅದೆ. ನೀವ್ನೀವೇ ಮಾತಾಡ್ಕಳಿ. ಆಯ್ತಾ?" ಎಂದು ಪೆಡಲು ತುಳಿದುಬಿಟ್ಟರು.

ಆವತ್ತು ನನಗೆ ನೋವಾಗಿದ್ದು ಅವರು ಬಿರಡೆ ತೆಗಿ ಅಂದದ್ದಕ್ಕಲ್ಲ. ತಪ್ಪು ಯಾರಾದರೂ ಆಡಿಯಾರು. ಹೊರಟುಹೋದರಲ್ಲ, ಅದಕ್ಕೆ. ನಾನು ನೀರಿಗಿಳಿದು, ಕತ್ತಿನವರೆಗೆ ನಿಂತು, ಮೂರನೆಯ ಬಿರಡೆಯ ಕೋಲನ್ನು ತಬ್ಬಿಕೊಂಡೆ. "ಗುರುವಪ್ಪಣ್ಣನೇ ಹೇಳೌರೆ, ನೀನ್ಯಾವನ್ಲಾ ತಡೆಯಾಕೆ?" ಎಂದು ಚಿಕ್ಕಣ್ಣ ಏರಿಯ ಮೇಲಿಂದ ನನ್ನ ಏಳು ತಲೆಮಾರನ್ನು ಹೆಸರು ಹಿಡಿದು ಕರೆದ. ಬೈಸಿಕೊಳ್ಳುವುದಕ್ಕೆ ಅಷ್ಟು ಜನ ಹಿರಿಯರಿದ್ದಾರೆಂದು ನನಗೆ ಆವತ್ತೇ ಗೊತ್ತಾದದ್ದು. ಹೊತ್ತು ನೆತ್ತಿಗೆ ಬಂದಾಗ ಅವರು ದಣಿದರು. ನಾನು ಎರಡನೆಯ ಬಿರಡೆ ತೆಗೆದು ಕೊನೆ ಗದ್ದೆಗೆ ನೀರು ಕಟ್ಟಿದೆ. ಚಿಕ್ಕಣ್ಣ ಹೋಗುವಾಗ ಹೇಳಿದ: "ನಿನ್ನ ತೂಬಿಂದ ಇಳಿಸ್ದೆ ಬಿಡಕಿಲ್ಲ."

ಹದಿನೈದು ದಿನ ಕಳೆದಿರಬೇಕು. ಪಕ್ಷದ ಹಿರಿಯರೊಬ್ಬರು ಸಿಟಿಯಿಂದ ಕಾರಿನಲ್ಲಿ ಬಂದರು. ದಪ್ಪ ಕನ್ನಡಕ, ಖಾದಿ ಕೋಟು. ಅಧ್ಯಕ್ಷತೆಗೆ ಎರಡು ಹೆಸರು ಬಂದಿವೆ, ಅವರವರ ಊರಲ್ಲೇ ವಿಚಾರಿಸಿ ಹೋಗೋಣ ಎಂದು ಬಂದವರು. ಗುರುವಪ್ಪನವರ ಜಗಲಿ ತುಂಬ ಜನ. ಒಬ್ಬರಾದ ಮೇಲೆ ಒಬ್ಬರು ಹೊಗಳಿದ್ದೇ ಹೊಗಳಿದ್ದು. ಎಲ್ಲರಿಗೂ ಆಯ್ತು ಅಂದವರನ್ನು ಎಲ್ಲರೂ ಹೊಗಳದೆ ಇನ್ನೇನು? ಚಿಕ್ಕಣ್ಣನಂತೂ, ಇಂಥ ಧರ್ಮರಾಯ ತಾಲ್ಲೂಕಲ್ಲೇ ಇಲ್ಲ ಎಂದ. ನಾನು ಕಾಲುವೆ ಕೆಲಸದಿಂದ ಹಾಗೇ ಬಂದು ಅಂಗಳದಲ್ಲಿ ನಿಂತಿದ್ದೆ. ನಮ್ಮವರು ಜಗಲಿ ಹತ್ತುತ್ತಿರಲಿಲ್ಲ.

ಹಿರಿಯರ ಕಣ್ಣು ನನ್ನ ಮೇಲೆ ಬಿತ್ತು. "ಅಲ್ಲಿ ಕೆಸರು ಮೆತ್ತಿಕೊಂಡು ನಿಂತಿರೋನು ಯಾರಪ್ಪ? ನೀನೇನೂ ಹೇಳ್ಲಿಲ್ಲ?"

"ನಂದೇನದೆ ಸಾಮಿ. ನಾನು ತೂಬು ನೋಡ್ಕೊಳೋನು."

"ಅದಕ್ಕೇ ಕೇಳ್ತಿರೋದು. ಮೇಲೆ ಬಾ."

"ಇಲ್ಲಿಂದ್ಲೇ ಹೇಳ್ತೀನಿ ಸಾಮಿ."

ಹೇಳುತ್ತೇನೆ ಅಂದದ್ದೇನೋ ಅಂದೆ, ಅಷ್ಟರಲ್ಲಿ ಆ ಗಾಡಿ ಕಣ್ಣಮುಂದೆ ಬಂತು, ಹೆಂಡತಿಯ ನರಳಾಟ ಕೇಳಿಸಿತು. ಸುಮ್ಮನೆ "ಒಳ್ಳೇರು" ಅಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿದ್ದು ಒಳ್ಳೆಯವರೋ ಎಂದಲ್ಲ. ಆ ಜಾಗಕ್ಕೆ ತಕ್ಕವರೋ ಎಂದು.

"ಗುರುವಪ್ಪಣ್ಣ ಒಳ್ಳೇರು ಸಾಮಿ. ನನ್ನ ಹೆಂಡ್ರು, ಮಗು ಬದುಕಿರೋದೇ ಅವರಿಂದ. ಆದ್ರೆ ಯಜಮಾನಿಕೆ ಮಾತು ಬ್ಯಾರೆ. ಇಲ್ದಿರೋ ನೀರ್ನ ಇಬ್ರಿಗೂ ಕೊಡ್ತೀನಿ ಅಂದ್ರು. ಜಗಳ ಬಂದಾಗ ಸೈಕಲ್ ತುಳುದ್ರು. ಒಂದು ಕೆರೆ ಮುಂದೆ ಇಲ್ಲ ಅನ್ನಕಾಗ್ದೋರು ತಾಲ್ಲೂಕಿನ ಪಕ್ಷ ಹೆಂಗೆ ನಡೆಸ್ತಾರೆ? ತಕ್ಕೋರಲ್ಲ ಸಾಮಿ."

ಜಗಲಿಯ ಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಚಿಕ್ಕಣ್ಣ ಎದ್ದು ನಿಂತ. "ಕಂಡ್ಯಾ ಗುರುವಪ್ಪಣ್ಣ, ಇವ್ನ ನಾಲ್ಗೆಯಾ? ಈ ಕ್ಷಣ ತೂಬಿಂದ ಇಳಸ್ತೀನಿ ಅನ್ನು. ನಿನ್ನ ಬಾಯಿಂದ ಆಯ್ತು ಅಂತ ಒಂದ್ಮಾತು ಬರ್ಲಿ. ಇಲ್ದಿದ್ರೆ ಏಳೂರ ಕಮಿಟಿಯೂ ಆ ಕಡೆಯೋನಿಗೆ ಕೈ ಎತ್ತತದೆ. ನೋಡ್ಕೊ."

ಎಲ್ಲರೂ ಗುರುವಪ್ಪನವರ ಬಾಯನ್ನೇ ನೋಡಿದರು. ನಾನೂ ನೋಡಿದೆ. ತಾತನ ಕಾಲದಿಂದ ಬಂದ ತೂಬು ಆ ಬಾಯಿಯ ಮೇಲೆ ನಿಂತಿತ್ತು. ಅವರ ತುಟಿ ಅಭ್ಯಾಸಬಲದಿಂದ ತೆರೆಯಿತು. ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಕರ್ಚೀಫನ್ನು ತೊಡೆಯ ಮೇಲೆ ಹರಡಿ, ನಾಲ್ಕು ಮಡಿಕೆ ಮಾಡಿದರು.

"ಇಲ್ಲ ಚಿಕ್ಕಣ್ಣ" ಎಂದರು.

"ಏನಂದೆ?"

"ಇಲ್ಲ ಅಂದೆ. ತೂಬು ಅವನ್ದು. ಅವತ್ತು ತಪ್ಪು ನಂದು. ಮೂರನೇ ಬಿರಡೆ ತೆಗಿ ಅಂದೋನೂ ನಾನೇ, ಓಡಿಹೋದೋನೂ ನಾನೇ."

ಚಿಕ್ಕಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಅವನ ಹಿಂದೆ ಮುಕ್ಕಾಲು ಜಗಲಿ ಇಳಿಯಿತು. ಗುರುವಪ್ಪನವರ ಮನೆಯಾಕೆ ಒಳಗಿಂದ ತಟ್ಟೆಯ ತುಂಬ ಕಾಫಿ ಲೋಟ ತಂದವರು, ಕುಡಿಯುವವರಿಲ್ಲದೆ ಬಾಗಿಲಲ್ಲೇ ನಿಂತರು.

ಹಿರಿಯರು ಒಂದು ಲೋಟ ತೆಗೆದುಕೊಂಡರು. "ಗುರುವಪ್ಪನವರೇ, ಇವತ್ತು ನೀವು ಕೆಟ್ಟಿರಿ."

"ಗೊತ್ತು ಸಾಮಿ."

"ಕಾಫಿ ಚೆನ್ನಾಗಿದೆ" ಎಂದರು ಹಿರಿಯರು. "ಆ ನೀರುಗಂಟಿಗೂ ಒಂದು ಲೋಟ ಕೊಡಿ."

ತಿಂಗಳೊಳಗೆ ಚುನಾವಣೆಯಾಯಿತು. ಏಳೂರಿನವರೂ ಆ ಕಡೆಗೆ ಕೈ ಎತ್ತಿದರು, ಇನ್ನೊಬ್ಬರು ಅಧ್ಯಕ್ಷರಾದರು. ಊರು ನನ್ನ ಮೇಲೆ ಹರಿಹಾಯಿತು. ಆ ಸಲ ಮಳೆ ಎರಡು ತಿಂಗಳು ತಡವಾಗಿ ಬಂತು. ದನದ ನೀರು ತೂಬಿನ ಬುಡದಲ್ಲಿ ಹಾಗೇ ಇತ್ತು, ಚಿಕ್ಕಣ್ಣನ ಎತ್ತುಗಳೂ ದಿನಾ ಬಂದು ಕುಡಿದವು. ಅವು ಯಾವ ಕಮಿಟಿಯವು ಎಂದು ನಾನು ಕೇಳಲಿಲ್ಲ.

ಒಂದು ಸಂಜೆ ಗುರುವಪ್ಪನವರು ಏರಿಯ ಮೇಲೆ ನಡೆದುಕೊಂಡು ಬಂದರು. ನಾನು ಕಾಲುವೆಯ ಕಳೆ ಕೀಳುತ್ತಿದ್ದೆ. ತಲೆ ಎತ್ತುವ ಧೈರ್ಯವಾಗಲಿಲ್ಲ. "ಬೇಜಾರಾ ಅಣ್ಣ?" ಎಂದೆ.

"ಆಗ್ದೆ ಇರ್ತದೇನ್ಲಾ? ಮೂರು ದಿನ ಅನ್ನ ಸೇರ್ಲಿಲ್ಲ" ಎಂದರು. ಏರಿಯ ಕಲ್ಲಿನ ಮೇಲೆ ಕೂತರು. ಆಮೇಲೆ ಹೇಳಿದರು: "ಆದ್ರೆ ಒಂದು ನೋಡು. ಈಗ ನಾನು ಆಯ್ತು ಅಂದ್ರೆ ಜನ ನಂಬಿ ಎದ್ದು ಮನೆಗೆ ಹೋಗ್ತಾರೆ. ಮೊದ್ಲು, ಆಯ್ತು ಅಂದ ಮ್ಯಾಲೂ ಕೂತೇ ಇರೋರು."

ಆಮೇಲಿನ ವರ್ಷಗಳಲ್ಲಿ ಸಿಟಿ ನಮ್ಮ ಗದ್ದೆಗೇ ಇಳಿದು ಬಂತು. ಸರ್ವೆಯವರು ಸರಪಳಿ ಎಳೆದರು, ಕಲ್ಲು ನೆಟ್ಟರು. ಅಧ್ಯಕ್ಷರಾದವರು ಊರಿಗೆ ಬಂದು ಎಲ್ಲರಿಗೂ ಸೈಟು ಕೊಡಿಸುತ್ತೇನೆಂದು ಹಾರ ಹಾಕಿಸಿಕೊಂಡು ಹೋದರು. ಗುರುವಪ್ಪನವರು ಮನೆಮನೆಗೆ ಬಂದು, "ನಿಂಗೆ ಸಿಕ್ಕತದೆ, ಅರ್ಜಿ ಹಾಕು. ನಿಂಗೆ ಸಿಕ್ಕಲ್ಲ, ಸುಮ್ನೆ ಕಾಯ್ಬೇಡ, ಕೆಲ್ಸ ಹುಡುಕ್ಕೊ" ಎಂದರು. ಅವರು ಸಿಕ್ಕುತ್ತದೆ ಎಂದವರಲ್ಲಿ ಗದ್ದೆಯಿಲ್ಲದ ನಾನೂ ಒಬ್ಬ. ಈ ಮನೆ ಕಟ್ಟಿರುವುದು ಆ ಜಾಗದಲ್ಲೇ. ತೂಬು ಮುಚ್ಚಿದ ಮೇಲೆ ಗಾರೆ ಕೆಲಸ ಕಲಿತೆ. ಜೆ.ಪಿ. ನಗರದ ಎಷ್ಟೋ ಮನೆಗಳ ಪಾಯದಲ್ಲಿ ನನ್ನ ಬೆವರಿದೆ. ಒಂದೂ ಬಿರುಕು ಬಿಟ್ಟಿಲ್ಲ, ಹೋಗಿ ನೋಡಬಹುದು.

ಗುರುವಪ್ಪನವರಿಗೆ ಕೊನೆಯವರೆಗೂ ಆ ಅಧ್ಯಕ್ಷರ ಜಾಗ ಸಿಗಲಿಲ್ಲ.

ಈ ಕತೆಯನ್ನು ನಾನು ಟೀ ಅಂಗಡಿಯಲ್ಲಿ, ಕೆಲಸದ ಕಡೆ, ಬೀಗರ ಮನೆಯಲ್ಲಿ ನೂರು ಸಲವಾದರೂ ಹೇಳಿದ್ದೇನೆ. ಹೇಳುವಾಗಲೆಲ್ಲ "ತಕ್ಕೋರಲ್ಲ ಸಾಮಿ" ಎಂಬಲ್ಲಿಗೆ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದೆ. ಕೇಳಿದವರು "ಭಲೇ, ದೊಡ್ಡೋರ ಮುಖಕ್ಕೇ ಅಂದ್ಯಲ್ಲಪ್ಪ" ಎನ್ನುತ್ತಿದ್ದರು. ಆಮೇಲೇನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ನಾನು ಅಂದದ್ದು ನಿಜವೇ. ಅನ್ನುವ ಹೊತ್ತಿಗೆ ನಿಜವಾಗಿತ್ತು. ಅದನ್ನು ಅಲ್ಲೇ, ಎಲ್ಲರ ಎದುರಿಗೆ, ತಮ್ಮ ಆಸೆಯನ್ನೇ ತೆತ್ತು, "ಇಲ್ಲ" ಅಂದು ಅವರು ಸುಳ್ಳು ಮಾಡಿದರು.

ಇವತ್ತು ನಿಮಗೆ ಮಾತ್ರ ಕೊನೆಯವರೆಗೂ ಹೇಳಿದ್ದೇನೆ. ಹೇಳಿ ಮುಗಿಸಿದ ಮೇಲೂ ನನ್ನ ತಲೆ ಎತ್ತಿಯೇ ಇದೆ. ಈ ಸಲ ಅವರ ಪರವಾಗಿ.